ಪ್ಯಾರಿಸ್ ಪ್ರದರ್ಶನದಲ್ಲಿ ರಾಷ್ಟ್ರಗಳ ಮುಖಾಮುಖಿ

ವಿಶ್ವಪ್ರದರ್ಶನವೆಂದರೆ ಸರಕು ಮತ್ತು ಯಂತ್ರಗಳ ಜಾತ್ರೆಯೆಂದು ಮೇಲ್ನೋಟಕ್ಕೆ ತೋರುವುದು ಸಹಜ. ೧೮೫೧ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಗಾಜು-ಕಬ್ಬಿಣಗಳ ಅರಮನೆಯನ್ನೇ ನಿರ್ಮಿಸಿ ಬ್ರಿಟನ್ ನಡೆಸಿದ ಮಹಾಪ್ರದರ್ಶನದಲ್ಲಿ ಭಾರತದ ಕೋಹಿನೂರು ವಜ್ರವೂ ಇದ್ದಿತು. ಅದನ್ನು ಅಲ್ಲಿರಿಸಿದವರು ಭಾರತೀಯರಲ್ಲ, ಭಾರತವನ್ನು ಆಳುತ್ತಿದ್ದವರು. ಏನನ್ನು, ಯಾರ ಹೆಸರಿನಲ್ಲಿ ತೋರಿಸಬೇಕೆಂದು ನಿರ್ಧರಿಸುವ ಅಧಿಕಾರವೇ ಇಂತಹ ಮೇಳಗಳ ನಿಜವಾದ ಬಂಡವಾಳ.

ಈ ಸಂಗತಿಯು ಅತ್ಯಂತ ನಿಚ್ಚಳವಾಗಿ ಗೋಚರಿಸಿದ್ದು ೧೯೩೭ರ ಪ್ಯಾರಿಸ್ ಪ್ರದರ್ಶನದಲ್ಲಿ. ಆಧುನಿಕ ಜೀವನದಲ್ಲಿ ಕಲೆ ಮತ್ತು ತಂತ್ರಜ್ಞಾನ ಎಂಬುದು ಅದರ ಘೋಷಿತ ವಿಷಯ. ಆದರೆ ಜನರ ಕಣ್ಣನ್ನು ಸೆಳೆದದ್ದು ಸೇನ್ ನದಿಯ ದಂಡೆಯಲ್ಲಿ ಎದುರುಬದುರಾಗಿ ನಿಂತ ಎರಡು ಮಂಟಪಗಳು. ಸೋವಿಯತ್ ಮಂಟಪದ ನೆತ್ತಿಯ ಮೇಲೆ ವೆರಾ ಮುಖಿನಾ ರೂಪಿಸಿದ, ಸುಮಾರು ೨೪ ಮೀಟರು ಎತ್ತರದ ಉಕ್ಕಿನ ಶಿಲ್ಪ: ಸುತ್ತಿಗೆ ಹಿಡಿದ ಕಾರ್ಮಿಕ, ಕುಡುಗೋಲು ಹಿಡಿದ ರೈತಮಹಿಳೆ, ಇಬ್ಬರದೂ ಮುನ್ನುಗ್ಗುವ ಭಂಗಿ. ಎದುರಿನ ಜರ್ಮನ್ ಮಂಟಪ ಹಿಟ್ಲರನ ಮೆಚ್ಚಿನ ವಾಸ್ತುಶಿಲ್ಪಿ ಆಲ್ಬರ್ಟ್ ಸ್ಪೀರನದು. ಸೋವಿಯತ್ ಕಟ್ಟಡದ ನಕ್ಷೆಯನ್ನು ಮೊದಲೇ ಗುಟ್ಟಾಗಿ ಕಂಡಿದ್ದುದಾಗಿ ಆತನೇ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಆ ಮುನ್ನುಗ್ಗುವಿಕೆಗೆ ಅಡ್ಡಗಟ್ಟಿದಂತೆ ಆತ ಭಾರಿ ಗೋಪುರವೊಂದನ್ನೆತ್ತಿ, ಸ್ವಸ್ತಿಕವನ್ನು ಹಿಡಿದ ಹದ್ದನ್ನು ಅದರ ತುದಿಯಲ್ಲಿ ಕೂರಿಸಿದ. ತೀರ್ಪುಗಾರರು ಎರಡು ಮಂಟಪಗಳಿಗೂ ಚಿನ್ನದ ಪದಕವನ್ನಿತ್ತರು! ಆತಿಥೇಯರ ದಾಕ್ಷಿಣ್ಯ ಇದಕ್ಕಿಂತ ಹೆಚ್ಚಾಗಿ ಬಯಲಾಗುವುದು ಕಷ್ಟ.

ಈ ಆರ್ಭಟದಿಂದ ತುಸು ದೂರದಲ್ಲಿ ಸ್ಪೇನ್ ಗಣರಾಜ್ಯದ ಸಾಧಾರಣ ಕಟ್ಟಡವಿದ್ದಿತು. ಅಂತರ್ಯುದ್ಧದಲ್ಲಿ ಬೇಯುತ್ತಿದ್ದ ಆ ದೇಶಕ್ಕೆ ಮೆರೆಸಲು ವೈಭವವೆಲ್ಲಿ? ಮಂಟಪಕ್ಕೊಂದು ದೊಡ್ಡ ಚಿತ್ರವನ್ನು ಬರೆದುಕೊಡಬೇಕೆಂದು ವರ್ಷಾರಂಭದಲ್ಲಿಯೇ ಪಿಕಾಸೊನನ್ನು ಕೇಳಲಾಗಿತ್ತು. ಆತನಿಗೆ ವಸ್ತು ಹೊಳೆದಿರಲಿಲ್ಲ. ಏಪ್ರಿಲ್ ೨೬ರಂದು ಫ್ರಾಂಕೋನ ಪಕ್ಷ ವಹಿಸಿದ್ದ ಜರ್ಮನ್ ಹಾಗೂ ಇಟಲಿಯ ವಿಮಾನಗಳು ಗೆರ್ನಿಕಾ ಪಟ್ಟಣದ ಮೇಲೆ ಬಾಂಬುಗಳ ಮಳೆಗರೆದವು. ಕೆಲವೇ ವಾರಗಳಲ್ಲಿ ಮೂರೂವರೆ ಮೀಟರು ಎತ್ತರದ, ಎಂಟು ಮೀಟರಿಗೆ ಸಮೀಪದ ಅಗಲದ ಚಿತ್ರ ಸಿದ್ಧವಾಯಿತು. ಅದರಲ್ಲಿ ಕಪ್ಪು, ಬಿಳುಪು, ಬೂದು ಬಿಟ್ಟರೆ ಬೇರೆ ವರ್ಣವಿಲ್ಲ. ಸತ್ತ ಶಿಶುವನ್ನೆತ್ತಿಕೊಂಡ ತಾಯಿ, ಚೀರುವ ಕುದುರೆ, ನೆಲಕ್ಕುರುಳಿದ ಯೋಧ. ಬಾಂಬು ಹಾಕಿದವರ ಹದ್ದು ಅದೇ ಪ್ರದರ್ಶನದಲ್ಲಿ ಗೋಪುರವೇರಿ ಕುಳಿತಿರುವಾಗ ಹತರಾದವರ ಸಾಕ್ಷ್ಯವು ಹೀಗೆ ಗೋಡೆಯ ಮೇಲೆ ನಿಂತಿತು.

ನವೆಂಬರಿನಲ್ಲಿ ಮೇಳ ಮುಗಿಯಿತು. ಜರ್ಮನ್ ಮಂಟಪವನ್ನು ಕೆಡವಲಾಯಿತು; ಮುಖಿನಾಳ ಶಿಲ್ಪವು ಮಾಸ್ಕೋ ಸೇರಿತು. ಸ್ಪೇನಿನಲ್ಲಿ ಪ್ರಜಾಸ್ವಾತಂತ್ರ್ಯ ಮರಳುವವರೆಗೆ ತನ್ನ ಚಿತ್ರ ಅಲ್ಲಿಗೆ ಹೋಗಕೂಡದೆಂದು ಪಿಕಾಸೊ ಕಟ್ಟಪ್ಪಣೆ ಮಾಡಿದ್ದನು. ದೀರ್ಘಕಾಲ ನ್ಯೂಯಾರ್ಕಿನಲ್ಲಿದ್ದ ಅದು, ಫ್ರಾಂಕೋ ಮಡಿದ ಆರು ವರ್ಷಗಳ ತರುವಾಯ, ೧೯೮೧ರಲ್ಲಿ ಮ್ಯಾಡ್ರಿಡ್ ನಗರವನ್ನು ತಲುಪಿತು.