ಭೂಕಂಪದ ನಂತರದ ನೆರವು: ಬೀಜ ಮತ್ತು ಮೇವನ್ನು ಮರೆಯಬಾರದು

1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಗಡಿಯಾಚೆಯ ಲಾತೂರ ಜಿಲ್ಲೆಯ ಕಿಲ್ಲಾರಿ ಹಾಗೂ ಸುತ್ತಲಿನ ಹಳ್ಳಿಗಳು ಭೂಕಂಪದಿಂದ ನೆಲಸಮವಾದವು. ಸುಮಾರು ಹತ್ತು ಸಾವಿರ ಜನ ಮಡಿದರು. ಕಲಬುರಗಿ, ಬೀದರ ಜಿಲ್ಲೆಗಳಲ್ಲಿಯೂ ನೆಲ ನಡುಗಿತು. 2021ರ ಅಕ್ಟೋಬರ್‌ನಲ್ಲಿ ನಮ್ಮದೇ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರ ಭಾಗದಲ್ಲಿ ಮೇಲಿಂದ ಮೇಲೆ ಲಘು ಕಂಪನಗಳಾದವು. ಅಕ್ಟೋಬರ್ 11ರ ರಾತ್ರಿಯದರ ತೀವ್ರತೆ 4.1 ಇತ್ತು. ಜನ ಹೆದರಿ ಮನೆಯ ಹೊರಗೆ ಮಲಗಿದರು. ಅನೇಕರು ನೆಂಟರ ಊರುಗಳಿಗೆ ಹೋದರು.

ಈ ಎರಡೂ ಘಟನೆಗಳು ಹಿಂಗಾರಿ ಹಂಗಾಮಿನಲ್ಲಿಯೇ ಆದವೆಂಬುದನ್ನು ರೈತರು ಗಮನಿಸಬೇಕು. ಎರೆಭೂಮಿಯಲ್ಲಿ ಬಿಳಿಜೋಳ, ಕಡಲೆ ಬಿತ್ತುವ ಕಾಲವದು. ಗೋಡೆ ಬಿದ್ದರೆ ಬೀಜದ ಚೀಲ, ಕೂರಿಗೆ, ಎತ್ತು ಎಲ್ಲವೂ ಅದರಡಿಗೆ ಸಿಕ್ಕುತ್ತವೆ. ಬಿತ್ತನೆ ತಪ್ಪಿದರೆ ಒಂದು ರಾತ್ರಿಯ ಕಷ್ಟ ಇಡೀ ವರ್ಷದ ಕಷ್ಟವಾಗುತ್ತದೆ. ಆದುದರಿಂದ ನೆರವು ಅನ್ನ ಬಟ್ಟೆಗಳಿಗೆ ಮುಗಿಯಬಾರದು.

ಕಲಬುರಗಿಯ ಸ್ಟೇಶನ್ ಬಜಾರದಲ್ಲಿಯೋ ಕಮಲಾಪುರದಲ್ಲಿಯೋ ನೆರವಿನ ಸಾಮಾನು ಕೂಡಿಸಿ ಲಾರಿ ಕಳುಹಿಸುವವರು ಈ ಕೆಳಗಿನ ಕ್ರಮವನ್ನು ಪಾಲಿಸುವುದು ಒಳ್ಳೆಯದು.

1. ಮೊದಲ ಮೂರು ದಿನ: ಕುಡಿಯುವ ನೀರು, ಸಿದ್ಧ ಆಹಾರ, ತಾಡಪತ್ರಿ, ಕಂಬಳಿ, ಬ್ಯಾಟರಿ, ಸಲಿಕೆ, ಹಾರೆ ಬೇಕು. ಏನು, ಎಷ್ಟು ಬೇಕೆಂದು ತಹಶೀಲ್ದಾರರ ಕಚೇರಿ ಅಥವಾ ಗ್ರಾಮ ಪಂಚಾಯಿತಿಯನ್ನು ಕೇಳಿಯೇ ಲಾರಿ ಹೊರಡಿಸಬೇಕು. ಹಳೆಯ ಬಟ್ಟೆಯ ರಾಶಿ ದಾರಿಗೆ ಅಡ್ಡಿಯಾಗುತ್ತದೆ.

2. ಮೊದಲ ವಾರ: ಜೋಳದ ಕಣಿಕೆ, ಹೊಟ್ಟು, ಹಿಂಡಿ ಕಳುಹಿಸಬೇಕು. ಒಂದು ಜೊತೆ ಎತ್ತಿಗೆ ದಿನಕ್ಕೆ ಸುಮಾರು 12ರಿಂದ 15 ಕಿಲೋ ಒಣಮೇವು ಬೇಕಾಗುತ್ತದೆ. ಗಾಯಗೊಂಡ ದನಗಳನ್ನು ಪಶುವೈದ್ಯರಿಗೆ ತೋರಿಸಬೇಕು. ಸತ್ತ ದನಗಳನ್ನು ಬಾವಿ, ಹಳ್ಳಗಳಿಂದ ದೂರದಲ್ಲಿ ಆಳವಾಗಿ ಹೂಳಬೇಕು.

3. ಎರಡನೆಯ ವಾರದಿಂದ: ಬಿತ್ತನೆ ಬೀಜ, ಬಾಡಿಗೆಯಿಲ್ಲದ ಟ್ರ್ಯಾಕ್ಟರು, ಕೂಲಿಯಾಳುಗಳ ಸಹಾಯ ಕೊಡಬೇಕು. ಬಿಳಿಜೋಳಕ್ಕೆ ಎಕರೆಗೆ 3 ಕಿಲೋ ಬೀಜ ಸಾಕು. ನೆರೆಯೂರಿನ ಹತ್ತು ರೈತರು ತಲಾ ಒಂದು ಕೂರಿಗೆ, ಒಂದು ದಿನ ಕೊಟ್ಟರೂ ಒಂದು ಓಣಿಯ ಹೊಲ ಬಿತ್ತಬಹುದು.

ನೊಂದ ರೈತರೂ ಕೆಲವು ಎಚ್ಚರಿಕೆ ವಹಿಸಬೇಕು. ಬಿರುಕು ಬಿಟ್ಟ ಮನೆಗೆ ಬೀಜ ತರಲೆಂದು ಹೊಗಬಾರದು. ಮರುಕಂಪನಕ್ಕೆ ಗೋಡೆ ಕುಸಿಯಬಹುದು. ಹಾನಿಯ ಪಂಚನಾಮೆ ಆಗುವ ಮುನ್ನ ಅವಶೇಷ ತೆಗೆಯಬೇಕಾದರೆ ಮೊದಲು ಫೋಟೋ ತೆಗೆದಿಟ್ಟುಕೊಳ್ಳಬೇಕು.

ಭೂಕಂಪದ ಜೊತೆಗೆ ಅಣು ಅವಘಡವೂ ಸೇರಿದರೆ ನೆರವಿನ ರೀತಿಯೇ ಬದಲಾಗುತ್ತದೆ. ಜಪಾನಿನಲ್ಲಿ 2011ರ ಮಾರ್ಚ್ 11ರಂದು 9.0 ತೀವ್ರತೆಯ ಭೂಕಂಪ ಮತ್ತು ಸುನಾಮಿಯಿಂದ ಫುಕುಶಿಮಾ ಅಣು ವಿದ್ಯುತ್ ಸ್ಥಾವರ ಕೆಟ್ಟಿತು. 20 ಕಿಲೋಮೀಟರ್ ಸುತ್ತಲಿನ ಜನರನ್ನು ಸ್ಥಳಾಂತರಿಸಲಾಯಿತು. ಹಿಂದೆ ಉಳಿದ ಅನೇಕ ದನಗಳು ಹಸಿವಿನಿಂದ ಸತ್ತವು. ಹಾಲು, ಸೊಪ್ಪಿನ ಮಾರಾಟಕ್ಕೆ ತಡೆ ಬಿತ್ತು. ಬಯಲಿನಲ್ಲಿ ಬಿಟ್ಟಿದ್ದ ಭತ್ತದ ಹುಲ್ಲಿನ ಮೇಲೆ ಸೀಸಿಯಂ ಎಂಬ ವಿಕಿರಣ ವಸ್ತು ಬಿದ್ದಿತ್ತು. ಅದನ್ನು ತಿಂದ ದನಗಳ ಮಾಂಸದಲ್ಲಿಯೂ ಅದು ಕಂಡುಬಂತು. ನಮ್ಮ ರಾಜ್ಯದ ಅಣು ಸ್ಥಾವರವಿರುವ ಕೈಗಾ ಇಲ್ಲಿಂದ ಬಹು ದೂರ. ಆದರೂ ಪಾಠ ಎಲ್ಲರಿಗೂ ಒಂದೇ: ಅಂಥ ಸಮಯದಲ್ಲಿ ದನಗಳನ್ನು ಕೊಟ್ಟಿಗೆಯಲ್ಲಿ ಕಟ್ಟಬೇಕು, ಮುಚ್ಚಿಟ್ಟ ಮೇವು ಮತ್ತು ನೀರನ್ನೇ ಕೊಡಬೇಕು, ಪರೀಕ್ಷೆಯಾಗದ ಹಾಲು ಸೊಪ್ಪುಗಳನ್ನು ದಾನವಾಗಿಯೂ ಕಳುಹಿಸಬಾರದು.

ಕಿಲ್ಲಾರಿಯಲ್ಲಿ ಹೆಚ್ಚು ಜೀವ ತೆಗೆದದ್ದು ಕೆಸರಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಅದರ ಮೇಲಿನ ಮಣ್ಣಿನ ಮಾಳಿಗೆಯ ಭಾರ. ನಮ್ಮ ಹಳ್ಳಿಗಳಲ್ಲಿಯೂ ಅಂಥ ಮನೆಗಳಿವೆ. ಮಳೆಗಾಲಕ್ಕೊಮ್ಮೆ ಮಾಳಿಗೆಗೆ ಮಣ್ಣು ಏರಿಸುತ್ತಲೇ ಹೋಗದೆ ಹಳೆಯದನ್ನು ಇಳಿಸಬೇಕು. ಹೊಸ ಗೋಡೆ ಕಟ್ಟುವಾಗ ಎರಡೂ ಮುಖ ಮುಟ್ಟುವ ಉದ್ದಗಲ್ಲುಗಳನ್ನು ಅಲ್ಲಲ್ಲಿ ಇಡಿಸಬೇಕು. ಬಾಗಿಲ ಮೇಲ್ಮಟ್ಟದಲ್ಲಿ ಸುತ್ತಲೂ ಕಬ್ಬಿಣ ಹಾಕಿದ ಕಾಂಕ್ರೀಟ್ ಪಟ್ಟಿ ಹಾಕಿಸಬೇಕು. ಬೀಜದ ಒಂದು ಪಾಲನ್ನು ಹೊಲದ ಶೆಡ್ಡಿನಲ್ಲಿಯೋ ನೆಂಟರಲ್ಲಿಯೋ ಇರಿಸಬೇಕು.

ರೈತ ಬಾಂಧವರೇ, ಭೂಕಂಪ ಹೇಳಿ ಬರುವುದಿಲ್ಲ. ಈ ಬೇಸಿಗೆಯಲ್ಲಿಯೇ ನಿಮ್ಮ ಮಾಳಿಗೆಯ ಭಾರ ಇಳಿಸಿರಿ. ನೆರೆಯೂರಿಗೆ ಕಷ್ಟ ಬಂದಾಗ ಕೊಡಲು ಒಂದು ಹೊರೆ ಕಣಿಕೆ, ಒಂದು ಸೇರು ಬೀಜ ತೆಗೆದಿಡಿರಿ.