ಹಲವು ಹೊಲ, ಹಲವು ಒಡೆಯರು

ಬೀದರ ಜಿಲ್ಲೆಯ ಘಾಟಬೋರಾಳದಂಥ ಊರುಗಳಲ್ಲಿ ಒಬ್ಬ ರೈತನಿಗೆ ಎರಡು ಮೂರು ಸರ್ವೆ ನಂಬರುಗಳಲ್ಲಿ ಹೊಲವಿರುವುದುಂಟು. ಒಂದೇ ಸರ್ವೆ ನಂಬರಿಗೆ ಅಣ್ಣತಮ್ಮಂದಿರು ಜಂಟಿ ಖಾತೆದಾರರಾಗಿರುವುದೂ ಉಂಟು. 2000ದ ಸುಮಾರಿಗೆ ಆರಂಭವಾದ ‘ಭೂಮಿ’ ಯೋಜನೆಯು ಕರ್ನಾಟಕದ ಸುಮಾರು 67 ಲಕ್ಷ ರೈತರ ಎರಡು ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ಪಹಣಿಯಲ್ಲಿ ಹೆಸರು ತಪ್ಪಿದರೆ ಬೆಳೆಸಾಲಕ್ಕೆ ತೊಡಕು. ಆದುದರಿಂದ ‘ಹಲವರಿಗೆ ಹಲವು’ ಎಂಬ ಈ ಸಂಬಂಧವನ್ನು ಗಣಕವು ಹೇಗೆ ನೆನಪಿಡಬೇಕೆಂಬುದು ಬರಿಯ ಪಾಠದ ಪ್ರಶ್ನೆಯಲ್ಲ.

ದತ್ತಸಂಚಯದ ಕೋಷ್ಟಕದಲ್ಲಿ ಒಂದು ಮನೆಗೆ ಒಂದೇ ಬೆಲೆ. ಇದು ಕಾಡ್ ಎಂಬ ವಿಜ್ಞಾನಿ 1970ರಲ್ಲಿ ಹಾಕಿಕೊಟ್ಟ ಕಟ್ಟಳೆ. ನಾಲ್ಕು ಹೆಸರುಗಳನ್ನು ಒಂದು ಮನೆಯಲ್ಲಿ ತುರುಕುವಂತಿಲ್ಲ. ಅದಕ್ಕೆಂದೇ ರೈತರದೊಂದು, ಹೊಲಗಳದೊಂದು ಕೋಷ್ಟಕದ ಜೊತೆಗೆ, ಇವರಿಗೆ ಇವು ಎಂದು ಜೋಡಿಗಳನ್ನು ಮಾತ್ರ ಬರೆದಿಡುವ ಮೂರನೆಯದೊಂದು ಬೇಕು.

ಜಾವಾ ಭಾಷೆಯಲ್ಲಿ ಬರೆಯುವವನ ಕಣ್ಣಿಗೆ ಈ ಮೂರನೆಯದು ಕಾಣುವುದೇ ಇಲ್ಲ. ಅವನ ‘ರೈತ’ ವಸ್ತುವಿನೊಳಗೆ ಹೊಲಗಳ ಗುಂಪಿದೆ, ‘ಹೊಲ’ದೊಳಗೆ ರೈತರ ಗುಂಪಿದೆ. ಅವುಗಳನ್ನು ಕೋಷ್ಟಕಕ್ಕೆ ಇಳಿಸುವ ಕೆಲಸವನ್ನು 2001ರಲ್ಲಿ ಬಂದ ಹೈಬರ್ನೇಟ್‌ನಂಥ ಸಾಧನವು ಮಾಡುತ್ತದೆ. ಎರಡು ಬದಿಯಲ್ಲಿಯೂ ‘ಮೆನಿ‌ಟು‌ಮೆನಿ’ ಎಂದು ಗುರುತಿಸಿ, ಒಂದು ಬದಿಯಲ್ಲಿ ‘ಮ್ಯಾಪ್ಡ್‌ಬೈ’ ಎಂದು ಬರೆದರೆ, ಇನ್ನೊಂದು ಬದಿಯೇ ಸಂಬಂಧದ ಯಜಮಾನ. ಇಲ್ಲೊಂದು ಹಳ್ಳವಿದೆ. ಯಜಮಾನನಲ್ಲದ ಬದಿಯಲ್ಲಷ್ಟೇ ಹೆಸರು ಸೇರಿಸಿದರೆ, ಗಣಕದ ತತ್ಕಾಲದ ಸ್ಮೃತಿಯಲ್ಲಿ ಅದು ಕಾಣುತ್ತದೆ. ಕೋಷ್ಟಕದಲ್ಲಿ ಸಾಲು ಮೂಡುವುದಿಲ್ಲ, ದೋಷಸೂಚನೆಯೂ ಬರುವುದಿಲ್ಲ! ಎರಡೂ ಗುಂಪುಗಳನ್ನು ಒಟ್ಟಿಗೆ ತಿದ್ದುವ ಒಂದೇ ವಿಧಾನವನ್ನು ಬರೆದಿಟ್ಟುಕೊಳ್ಳುವುದು ಜಾಣತನ. ಅಳಿಸುವಿಕೆಯು ಒಂದರಿಂದ ಇನ್ನೊಂದಕ್ಕೆ ಹರಿಯಲೆಂದು ‘ಕ್ಯಾಸ್ಕೇಡ್ ರಿಮೂವ್’ ಹಚ್ಚಿದರಂತೂ, ಒಬ್ಬ ರೈತನನ್ನು ತೆಗೆಯಹೋದಾಗ ಉಳಿದವರೂ ಪಾಲುಳ್ಳ ಹೊಲವನ್ನೇ ಅಳಿಸಲು ಯಂತ್ರವು ಹೊರಡುತ್ತದೆ.

ಇಷ್ಟಾದರೂ ಪಹಣಿಯು ಪೂರ್ಣವಾಗಲಿಲ್ಲ. ಐದು ಎಕರೆಯ ಹೊಲದಲ್ಲಿ ಒಬ್ಬನಿಗೆ 2 ಎಕರೆ, ಇನ್ನಿಬ್ಬರಿಗೆ ತಲಾ 1 ಎಕರೆ 20 ಗುಂಟೆ ಎನ್ನೋಣ. ಈ ವಿಸ್ತೀರ್ಣವನ್ನು ಎಲ್ಲಿ ಬರೆಯುವುದು? ಅದು ರೈತನ ಗುಣವಲ್ಲ, ಹೊಲದ ಗುಣವೂ ಅಲ್ಲ. ಎರಡು ಕಾಯಗಳ ನಡುವಣ ದೂರದಂತೆ ಅದು ಜೋಡಿಗೆ ಸೇರಿದ್ದು. ಬರಿಯ ‘ಮೆನಿ‌ಟು‌ಮೆನಿ’ಯಲ್ಲಿ ಅದಕ್ಕೆ ಸ್ಥಳವಿಲ್ಲ. ಆಗ ಆ ಮೂರನೆಯ ಕೋಷ್ಟಕವನ್ನು ಬೆಳಕಿಗೆ ತಂದು, ‘ಹಿಸ್ಸೆ’ ಎಂಬ ಸ್ವತಂತ್ರ ವಸ್ತುವನ್ನಾಗಿ ಮಾಡಬೇಕು: ರೈತನಿಗೆ ಹಲವು ಹಿಸ್ಸೆ, ಹೊಲಕ್ಕೆ ಹಲವು ಹಿಸ್ಸೆ, ಪ್ರತಿ ಹಿಸ್ಸೆಗೆ ಒಬ್ಬನೇ ರೈತ, ಒಂದೇ ಹೊಲ. ಇಂಥ ಲೆಕ್ಕಗಳಲ್ಲಿ ಮೊದಲಿನಿಂದಲೇ ಹೀಗೆ ಬರೆಯುವುದು ಮೇಲೆಂದು ನನ್ನ ಮತ. ಒಬ್ಬನು ತನ್ನ 1 ಎಕರೆ 20 ಗುಂಟೆಯನ್ನು ಮಾರಿದನೆನ್ನಿ. ಬದಲಾಗುವುದು ಆ ಹಿಸ್ಸೆಯ ಸಾಲೊಂದೇ, ಉಳಿದ ಇಬ್ಬರ ಸಾಲುಗಳನ್ನು ಯಂತ್ರವು ಮುಟ್ಟುವುದೇ ಇಲ್ಲ.