ತೆಪ್ಪದ ಹಳೆ ಹೊದಿಕೆ ಬಿಡಿಸುವ ಬಗೆ

ಕನಕಪುರ ದಾಟಿ ಸಂಗಮಕ್ಕೆ ಹೋದವರಿಗೆ ತೆಪ್ಪ ಹೊಸದಲ್ಲ. ಅರ್ಕಾವತಿ ಕಾವೇರಿಗೆ ಸೇರುವಲ್ಲಿ ನೀರು ದಾಟಿದರೇ ಮೇಕೆದಾಟಿನ ದಾರಿ. ದೊಡ್ಡ ದೋಣಿಗಾದರೆ ಮೇಲಟ್ಟ, ಒಡಲು ಎಂದು ಬೇರೆ ಬೇರೆ ಇರುತ್ತವೆ. ತೆಪ್ಪದಲ್ಲಿರುವುದು ಬಿದಿರು ದಬ್ಬೆಯ ಹೆಣಿಗೆ, ಅದರ ಹೊರಗೆ ಡಾಂಬರು ಬಳಿದ ಹೊದಿಕೆ, ಅಷ್ಟೇ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕಂಡ ಇಂಥ ಹರಿಗೋಲುಗಳಿಗೆ ಚರ್ಮ ಹೊದಿಸಿದ್ದರು. ಈಗ ಪ್ಲಾಸ್ಟಿಕ್ ಹಾಳೆ. ಹೊದಿಕೆ ಹರಿಯಿತೆಂದು ತೆಪ್ಪ ಎಸೆಯಬೇಕಿಲ್ಲ. ಹೆಣಿಗೆ ಗಟ್ಟಿಯಿದ್ದರೆ ಹಳೆಯದನ್ನು ಬಿಡಿಸಿ ಹೊಸದು ಹೊದಿಸಬಹುದು.

ಹಂತ 1: ತೆಪ್ಪವನ್ನು ನೆರಳಲ್ಲಿ ಬೋರಲು ಹಾಕಿ ಚೆನ್ನಾಗಿ ಒಣಗಲು ಬಿಡಿ. ಒದ್ದೆ ದಬ್ಬೆಗೆ ಕೈ ಹಾಕಬೇಡಿ.

ಹಂತ 2: ಒಣಗಿದ ಮೇಲೆ ಅಂಗಾತ ತಿರುಗಿಸಿ, ಬಾಯಿಗೆ ಅಡ್ಡಡ್ಡ ಎರಡು ಹಗ್ಗ ಬಿಗಿಯಾಗಿ ಕಟ್ಟಿ. ಹೊದಿಕೆ ಹೋದರೆ ಹಳೆಯ ಹೆಣಿಗೆ ಸಡಿಲಗೊಂಡು ಬಾಯಿ ಅಗಲವಾಗುತ್ತದೆ. ಹೊಸಬರು ಮರೆಯುವುದು ಇದನ್ನೇ.

ಹಂತ 3: ಅಂಚಿನ ಹೊಲಿಗೆ ಬಿಚ್ಚಿ. ಇಲ್ಲಿ ಎರಡು ಬಗೆಯ ಕಟ್ಟು ಕಾಣುತ್ತದೆ: ಹೊದಿಕೆಯನ್ನು ಹಿಡಿದ ದಾರ ಒಂದು, ಅಂಚಿನ ದಬ್ಬೆಗಳನ್ನೇ ಒಟ್ಟು ಬಿಗಿದ ಕಟ್ಟು ಇನ್ನೊಂದು. ಮೊದಲನೆಯದನ್ನು ಮಾತ್ರ ಕತ್ತರಿಸಿ. ಎರಡನೆಯದು ಬಿಚ್ಚಿತೋ, ತೆಪ್ಪದ ಆಕಾರವೇ ಕೆಟ್ಟಿತು.

ಹಂತ 4: ಇನ್ನು ಡಾಂಬರು. ಮತ್ತೆ ಬೋರಲು ಹಾಕಿ. ಮಧ್ಯಾಹ್ನದ ಬಿಸಿಲಿಗೆ ಡಾಂಬರು ಮೆತ್ತಗಾಗಿ ಕೈಗೆ, ಕತ್ತಿಗೆ, ಕೊನೆಗೆ ಪಂಚೆಗೂ ಅಂಟುತ್ತದೆ. ಬೆಳಗಿನ ಜಾವದ ತಂಪಿನಲ್ಲಿ ಅದೇ ಡಾಂಬರು ಬಿರುಸಾಗಿರುತ್ತದೆ. ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿದರೆ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಅಂಚಿನಿಂದ ನಡುವಿನ ಕಡೆಗೆ ಗೇಣು ಗೇಣಾಗಿ ಹಾಳೆ ಎಬ್ಬಿಸುತ್ತಾ ಬನ್ನಿ. ಅಂಟಿಕೊಂಡ ಕಡೆ ಮೊಂಡು ಕತ್ತಿಯನ್ನು ದಬ್ಬೆಯ ಉದ್ದಕ್ಕೇ ತೂರಿಸಿ. ಅಡ್ಡ ಹಾಕಿ ಮೀಟಿದರೆ ಸಿಪ್ಪೆಯೇ ಎದ್ದು ಬರುತ್ತದೆ. ಹಾಗೂ ಬಿಡದಿದ್ದರೆ ಸೀಮೆಎಣ್ಣೆ ಬಟ್ಟೆ ಒತ್ತಿಡಿ, ಸ್ವಲ್ಪ ಹೊತ್ತಿಗೆ ಸಡಿಲವಾಗುತ್ತದೆ. ಬೆಂಕಿ ತೋರಿಸುವ ಯೋಚನೆ ಬೇಡವೇ ಬೇಡ, ಹತ್ತಿರ ಬೀಡಿಯೂ ಬೇಡ.

ಹಂತ 5: ಬಂದ ಹಾಳೆಯನ್ನು ಚಿಂದಿ ಮಾಡಬೇಡಿ. ಹೊಸ ಹಾಳೆ ಕತ್ತರಿಸಲು ಅದೇ ಅಳತೆ.

ಹಂತ 6: ಬರಿ ಹೆಣಿಗೆಯನ್ನು ಉಗುರಿನಿಂದ ಒತ್ತುತ್ತಾ ಹೋಗಿ. ನೀರು ನಿಲ್ಲುವ ತಳದಲ್ಲಿ ಕಪ್ಪಗೆ ಮೆತ್ತಗಾದ ದಬ್ಬೆ ಸಿಗುತ್ತದೆ. ಹುಳ ತಿಂದದ್ದು ಸಣ್ಣ ತೂತು, ಹಿಟ್ಟಿನಂಥ ಪುಡಿಯಿಂದ ಗೊತ್ತಾಗುತ್ತದೆ. ಹಾಳಾದ ದಬ್ಬೆಯ ಪಕ್ಕಕ್ಕೇ ಹೊಸದನ್ನು ಹೆಣೆದು ಸೇರಿಸಿ, ಆಮೇಲೆ ಹಳೆಯದನ್ನು ಎಳೆಯಿರಿ. ಅಂಚೂ ತಳವೂ ಎರಡೂ ಕೆಟ್ಟಿದ್ದರೆ ರಿಪೇರಿ ದಂಡ, ಹೊಸ ತೆಪ್ಪವೇ ವಾಸಿ.

ಹೊಸ ಹಾಳೆ ಹೊಲಿದು ಡಾಂಬರು ಬಳಿದ ಮೇಲೆ, ಅದು ಗಟ್ಟಿಯಾಗುವ ತನಕ ನೀರಿಗಿಳಿಸಬೇಡಿ. ಮೊದಲು ದಡದ ಮೊಣಕಾಲುದ್ದದ ನೀರಿನಲ್ಲಿ ಖಾಲಿ ತೇಲಿಸಿ, ಎಲ್ಲಿ ಜಿನುಗುತ್ತದೆ ನೋಡಿ. ಜನ ಹತ್ತಿಸುವುದು ಆಮೇಲೆ, ಅದೂ ಲೈಫ್ ಜಾಕೆಟ್ ತೊಡಿಸಿ. ಕಾವೇರಿ ತುಂಬಿ ಬಂದ ದಿನ ಎಷ್ಟೇ ಗಟ್ಟಿ ತೆಪ್ಪವಿದ್ದರೂ ದಡದಲ್ಲೇ ಇರಲಿ.